ಕೌದಿಯ ಹೊಟ್ಟೆ

ಮನಗೂಳಿಯ ಮಾರ್ಥವ್ವ ಹಳೆ ಸೀರೆಗಳಿಂದ ಊರವರಿಗೆ ಕೌದಿ ಹೊಲಿಯುತ್ತಲೇ ಮುದುಕಿಯಾದವಳು. ಕೌದಿ ಮುಗಿಯುವ ಹೊತ್ತಿಗೆ ನಡುವೆ ಕೌದಿಯ ಹೊಟ್ಟೆ ಎನ್ನುವ ಚೌಕದ ತೇಪೆಯೊಂದನ್ನು ಹಚ್ಚಿ, ಅದರೊಳಗೆ ಹೋಳಿಗೆಯ ಚೂರು ಇಟ್ಟು ಹೊಲಿದುಬಿಡುತ್ತಾಳೆ. ಹೊದೆಯುವ ಕೌದಿ ಹಸಿದಿರಬಾರದು ಎಂಬುದು ಈ ಕಡೆಯ ಪದ್ಧತಿ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಅವಳಿಗೆ ಇದರಲ್ಲಿ ಎಂದೂ ಪಾಪ ಕಂಡಿರಲಿಲ್ಲ.

ಸುವಾರ್ತೆ ಸಾರುತ್ತ ಊರೂರು ತಿರುಗುವ ಅಕ್ಕನ ಮಗ ಎಲೀಷ ಮೊನ್ನೆ ಅವಳ ಮನೆಯಲ್ಲಿ ವಸ್ತಿ ಮಾಡಿದ್ದ. ಬೆಳಿಗ್ಗೆ ಎದ್ದವನೇ ಬೈಬಲ್ ವಚನ ಅಚ್ಚಾದ ಚೀಟಿಗಳ ಕಟ್ಟನ್ನು ಅವಳ ಮುಂದಿಟ್ಟ.

"ಚಿಗವ್ವಾ, ಹೋಳಿಗಿ ಬಿಡು. ಅನ್ಯರ ಕೌದಿಯೊಳಗ ಇದನ್ನಿಟ್ಟು ಹೊಲಿ. ಅವರು ಕತ್ತಲದಾಗ ಅದಾರ. ಸತ್ಯ ಇರೂದು ನಮ್ಮ ಗ್ರಂಥದಾಗ ಅಷ್ಟ."

ಮಾರ್ಥವ್ವನಿಗೆ ಪಿತ್ತ ನೆತ್ತಿಗೇರಿತು.

"ಕೇಳದ ತುರುಕೂದು ಕಳ್ಳರ ಕೆಲಸಲೇ! ಬ್ಯಾರೆ ಮತದ ಸಮಾರ್ಯದ ಹೆಣ್ಮಗಳ ಹತ್ರ ಯೇಸುಸ್ವಾಮಿ ನೀರು ಕೇಳಿದ, ಎದುರಿಗೆ ಕುಂತು ಮಾತಾಡಿದ. ಆಕಿ ಕೊಡದೊಳಗ ಕದ್ದು ಚೀಟಿ ಹಾಕಿದ್ದನೇನು?"

"ಅವರ ಒಳ್ಳೇದಕ್ಕ ಹೇಳಾಕತ್ತೇನಿ, ಚಿಗವ್ವಾ," ಎಂದು ಎಲೀಷ ರಾಗ ಎಳೆದ.

ಮಾರ್ಥವ್ವ ಕತ್ತರಿಯನ್ನು ಅವನತ್ತ ತಳ್ಳಿದಳು.

"ರಾತ್ರಿ ಹೊದ್ದುಕೊಂಡು ಬೆಚ್ಚಗ ಮಲಗಿದ್ದಿಯಲ್ಲ, ಆ ಕೌದಿ ನಾ ಹೊಲಿದದ್ದಲ್ಲ. ಬಾಜೂ ಮನಿ ಅಬಿದಾ ಹೊಲಿದು ಕೊಟ್ಟದ್ದು. ಐದು ಹೊತ್ತು ನಮಾಜು ಬಿಡದಾಕಿ. ಹೊಟ್ಟಿ ಬಿಚ್ಚಿ ನೋಡು, ಆಕಿ ತನ್ನ ಗ್ರಂಥ ಇಟ್ಟಾಳೋ, ನಿನಗ ಹೋಳಿಗಿ ಇಟ್ಟಾಳೋ!"