ಹೆಸರು ಹೇಳಬಾರದ ಸೊಪ್ಪು

ನಲವತ್ತು ವರ್ಷ ಕಟ್ಟಿಕೊಂಡ ಗಂಡನಿಗೂ ಹೇಳದೆ ಕಾಪಾಡಿದ ಗುಟ್ಟೊಂದನ್ನು ಯಾರೋ ಕಟ್ಟು ಕಟ್ಟಿ, ನೀರು ಚಿಮುಕಿಸಿ, ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿಟ್ಟು ಮಾರುತ್ತಿದ್ದರೆ ನೀವೇನು ಮಾಡುತ್ತೀರಿ, ಹೇಳಿ ನೋಡೋಣ?

ನಾನಂತೂ ಅಲ್ಲೇ ಕೂತುಬಿಟ್ಟೆ. ಕೊಯಮತ್ತೂರಿಗೆ ಬಂದು ಮೂರನೇ ದಿನ ಅದು. ರೈತರೇ ತಂದು ಮಾರುವ ಸಂತೆಗೆ ಇಲ್ಲಿ ಉಳವರ್ ಸಂದೆ ಎನ್ನುತ್ತಾರೆ. ಸೊಪ್ಪಿನವಳು ಅದರ ಹೆಸರನ್ನು ರಾಜಾರೋಷವಾಗಿ ಕೂಗುತ್ತಿದ್ದಳು. ನನ್ನನ್ನು ನೋಡಿ, "ಎನ್ನ ಪಾಟಿ, ವೇಣುಮಾ?" ಎಂದಳು. ಏನಜ್ಜಿ, ಬೇಕಾ ಅಂತ. ಆ ಹೆಸರನ್ನು ಇಲ್ಲಿ ಬರೆಯಲು ನನಗಿನ್ನೂ ಬೆರಳು ಏಳುತ್ತಿಲ್ಲ. ಸ್ವಲ್ಪ ತಾಳಿ.

ಊರಿನವರಿಗೆ ಗೊತ್ತಿರುವ ಸಂಗತಿಯೇ. ಹೊಳಲ್ಕೆರೆ ಕಡೆಯ ನಮ್ಮ ಮನೆಯ ಜಗಲಿಗೆ ಕಾಮಾಲೆಯಾದವರು ಬರುತ್ತಿದ್ದರು. ಬೆಳಕು ಹರಿಯುವ ಮುಂಚೆ ಮಿಂದು, ಒದ್ದೆ ಸೀರೆಯಲ್ಲಿ, ಯಾರೊಡನೆಯೂ ಮಾತಾಡದೆ ಕೆರೆ ಏರಿಯ ಕೆಳಗಿನಿಂದ ಸೊಪ್ಪು ಕಿತ್ತು ತರುತ್ತಿದ್ದೆ. ಅರೆದು, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಮಜ್ಜಿಗೆಯಲ್ಲಿ ಮೂರು ಬೆಳಗ್ಗೆ ಕೊಡುವುದು. ದುಡ್ಡು ಮುಟ್ಟುವಂತಿಲ್ಲ. ಹೆಸರು ಹೇಳಿದರೆ ಔಷಧಿಯ ಗುಣವೇ ಹೋಗುತ್ತದೆ ಎಂದು ಅತ್ತೆ ನನ್ನ ಕಿವಿಯಲ್ಲಿ ಊದಿದ್ದರು.

ಇಲ್ಲಿಗೆ ಬಂದದ್ದು ಮೊಮ್ಮಗಳು ಮೇಘಾಳಿಗೆ ಅನ್ನ ಬೇಯಿಸಿ ಹಾಕಲು. ಗಿಡಗಳಲ್ಲಿ ಕ್ಯಾನ್ಸರಿಗೆ ಮದ್ದು ಹುಡುಕುವುದು ಅವಳ ಓದು. ಕುರಿಚಿಯಲ್ಲಿ ಕೆಳಮನೆ ಬಾಡಿಗೆಗೆ ಹಿಡಿದಿದ್ದಾಳೆ. ಊರಲ್ಲಿ ಕೋಳಿ ಕೂಗಿದರೆ ಬೆಳಗು, ಇಲ್ಲಿ ಫೌಂಡ್ರಿಯ ಸೈರನ್ ಕೂಗಿದರೆ ಬೆಳಗು. ಗಾಳಿಗೆ ಕಾದ ಕಬ್ಬಿಣದ ವಾಸನೆ. ಅಲ್ಲಿ ಕೊಡ ಹಿಡಿದು ಹೊರಟರೆ ಐದು ಜನ ತಡೆದು ಮಾತಾಡಿಸುತ್ತಿದ್ದರು. ಇಲ್ಲಿ ಇಡೀ ಬೀದಿಗೆ ನಾನು ಬರೀ ಒಬ್ಬಳು ಪಾಟಿ.

ನನ್ನನ್ನು ಉಳಿಸಿದ್ದು ಮೇಲ್ಮನೆಯ ರುಕ್ಮಿಣಿ, ನಮ್ಮ ಮನೆ ಒಡತಿ. ಅವಳ ಮುತ್ತಜ್ಜನ ಕಾಲದಿಂದ ಇಲ್ಲೇ ನೆಲೆಸಿದ ನೇಕಾರರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಮಾತ್ರ ಬಾರದು. ಅವಳು 'ಕಳಿ' ಎಂದು ಬಟ್ಟಲಲ್ಲಿ ತಂದುಕೊಟ್ಟದ್ದನ್ನು ಮುರಿದು ನೋಡಿದರೆ ನಮ್ಮ ರಾಗಿಮುದ್ದೆ! ಅವತ್ತು ಅತ್ತುಬಿಟ್ಟೆ. ಕೇಳಿದ್ದಕ್ಕೆ, ಸಾರಿನ ಖಾರಕ್ಕೆ ಕಣ್ಣೀರು ಎಂದು ಹೇಳಿದೆ.

ಒಂಟಿತನಕ್ಕೆ ನಾಲಿಗೆ ಉದ್ದವಾಗುತ್ತದೆ. ನನ್ನ ಸೊಪ್ಪಿನ ಮಹಿಮೆಯನ್ನು ರುಕ್ಮಿಣಿಗೆ ಚೆನ್ನಾಗಿಯೇ ಕೊಚ್ಚಿದೆ. ಮೇಘಾ ಹೆಸರು ಕೇಳಿದಳು, ಹೇಳಲಿಲ್ಲ.

"ಹೆಸರು ಬರೆಯದ ಸೊಪ್ಪನ್ನ ನಮ್ಮ ಲ್ಯಾಬ್ ಒಳಗೇ ಬಿಡಲ್ಲ ಅಜ್ಜಿ."

"ನಿನ್ನ ಲ್ಯಾಬಿನ ತಟ್ಟೆಯಲ್ಲಿರೋ ಕ್ಯಾನ್ಸರ್ ಕಣದ ಮೇಲೆ ಒಂದು ತೊಟ್ಟು ಹಾಕಿ ನೋಡೇ, ಸಾಯುತ್ತೆ."

"ಸೋಪಿನ ನೀರು ಹಾಕಿದ್ರೂ ಸಾಯುತ್ತೆ. ಮನುಷ್ಯರನ್ನ ಉಳಿಸಿ ಅದನ್ನ ಮಾತ್ರ ಕೊಲ್ಲಬೇಕು. ಅದೇ ಕಷ್ಟ."

ಅಷ್ಟರಲ್ಲಿ ರುಕ್ಮಿಣಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಪರೀಕ್ಷೆ ಮಾಡಿ ಕ್ಯಾನ್ಸರ್ ಎಂದರು. ಗುಣವಾಗುವ ಜಾತಿಯದು, ಆದರೆ ಹದಿನೈದು ದಿನಕ್ಕೊಮ್ಮೆ ತಪ್ಪದೆ ಬಂದು ಔಷಧಿ ಏರಿಸಿಕೊಳ್ಳಬೇಕು ಎಂದರು ಡಾಕ್ಟರು. ಎರಡು ಸಲ ಹೋಗಿ ಬಂದಳು. ಮೂರನೆಯದಕ್ಕೆ ಎರಡು ದಿನ ಇರುವಾಗ, ತಲೆಗೆ ಟವೆಲ್ ಸುತ್ತಿಕೊಂಡು, ತಟ್ಟೆಯಲ್ಲಿ ವೀಳ್ಯದೆಲೆ ಹಿಡಿದು ನನ್ನ ಬಾಗಿಲಿಗೆ ಬಂದಳು.

"ನಂಗೆ ಊಸಿ ಬ್ಯಾಡಕ್ಕಾ, ಪೋದುಂ. ತಲೆಮುಡಿ ಎಲ್ಲಾ ಹೋಯ್ತು, ವಾಂತಿ ನಿಲ್ಲಲ್ಲ. ನಿಮ್ಮ ಮರುಂದೇ ಕೊಡುಂಗೋ."

ಊಸಿ ಎಂದರೆ ಸೂಜಿ, ಪೋದುಂ ಎಂದರೆ ಸಾಕು, ಮರುಂದು ಎಂದರೆ ಮದ್ದು.

ನಿಜ ಹೇಳುತ್ತೇನೆ, ನಗಬೇಡಿ. ಆ ಕ್ಷಣಕ್ಕೆ ನನಗೆ ಅವಳ ಗಂಟು ಕಾಣಲಿಲ್ಲ, ವೀಳ್ಯದೆಲೆ ಕಂಡಿತು. ನನ್ನ ಜಗಲಿ, ಅಲ್ಲಿ ಸಾಲಾಗಿ ಕೂತ ಜನ, "ಅಮ್ಮಾ" ಎಂಬ ಕೂಗು, ಎಲ್ಲಾ ಕಂಡವು. ಹೂಂ ಎಂದುಬಿಟ್ಟೆ. ನಾಚಿಕೆ ಬಿಟ್ಟು ಆ ಸಂತೆಯಲ್ಲೇ ಸೊಪ್ಪು ಕೊಂಡೆ. ಆಸ್ಪತ್ರೆಗೆ ಹೋಗಬೇಕಿದ್ದ ದಿನವೇ ಮುಂಜಾನೆ ಮಿಂದು ಅರೆದೆ. ಆ ಹಸಿ ವಾಸನೆಗೆ ನಮ್ಮ ಕೆರೆ ಏರಿಯೇ ಅಡುಗೆಮನೆಗೆ ಬಂದು ನಿಂತಿತು. ಕಣ್ಣು ಮಂಜಾಯಿತು.

ಖಾಲಿ ಹೊಟ್ಟೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತ ರುಕ್ಮಿಣಿ ಬಾಯಿ ತೆರೆದಳು. ಟವೆಲ್ ಜಾರಿತ್ತು. ಬೋಳುತಲೆ, ಸೊರಗಿದ ಕುತ್ತಿಗೆ, ಅದರ ಮೇಲೆ ಗಂಟು. ಹಸುಗೂಸಿನಂತೆ ನಂಬಿ ಕೂತಿದ್ದಳು. ನನ್ನ ಕೈ ಅರ್ಧಕ್ಕೆ ನಿಂತಿತು.

"ಇದು ನೆಲನೆಲ್ಲಿ ಕಣೇ," ಎಂದೆ. "ನೀವು ಕೀಳಾನೆಲ್ಲಿ ಅಂತೀರಲ್ಲ, ಅದೇ."

ತೆರೆದ ಬಾಯಿ ಹಾಗೇ ಇತ್ತು. "ಅಯ್ಯೋ ಸಾಮಿ! ಇದಕ್ಕಾ ಇಷ್ಟು ಬಿಲ್ಡಪ್ಪು? ನಮ್ಮ ಕಾಂಪೌಂಡ್ ಸಂದೀಲೇ ಮೊಳೆದದೆ! ಅದು ಕಾಮಾಲೆಗಲ್ವಾ?"

"ಕಾಮಾಲೆಗೆ. ಅದಕ್ಕೂ ಮೊದಲು ರಕ್ತ ಪರೀಕ್ಷೆ ಮಾಡ್ಸು ಅಂತಾಳೆ ಮೇಘಾ. ನಿನ್ನ ಗಂಟಿಗೆ ನನ್ನ ಹತ್ರ ಏನೂ ಇಲ್ಲ."

ಈ ಮಾತನ್ನು ನಲವತ್ತು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳ ಕಣ್ಣು ತುಂಬಿತು. ಮೆಟ್ಟಿಲ ಪಕ್ಕ ಅವಳೇ ನೀರೆರೆದು ಬೆಳೆಸಿದ ಗುಲಾಬಿ ಬಣ್ಣದ ಹೂವಿನ ಕುಂಡ ತೋರಿಸಿದೆ. ನಮ್ಮ ನಿತ್ಯಪುಷ್ಪ, ಅವಳ ನಿತ್ಯಕಲ್ಯಾಣಿ.

"ನಿನಗೆ ಏರಿಸ್ತಾರಲ್ಲ, ಅದರಲ್ಲಿ ಒಂದು ಈ ಗಿಡದ್ದೇ. ನಿನ್ನ ಚೀಟಿ ಓದಿ ಮೇಘಾನೇ ಹೇಳಿದ್ಲು."

"ಅಪ್ಪೊ ಅದನ್ನೇ ಅರೆದು ಕೊಡಿ! ಬಸ್ಸು ಹತ್ತೋದು ತಪ್ಪುತ್ತೆ."

"ಹಸಿಯಾಗಿ ತಿಂದ್ರೆ ವಿಷ. ಮೂಟೆಗಟ್ಟಲೆ ಎಲೆಯಿಂದ ಚಿಟಿಕೆಯಷ್ಟು ತೆಗೀತಾರಂತೆ. ನನ್ನ ಅಳತೆ ನಿಂಬೆಹಣ್ಣು, ಒಂದು ದಪ್ಪ, ಇನ್ನೊಂದು ಸಣ್ಣ. ಅವರ ಅಳತೆ ನಿನ್ನ ತೂಕ, ನಿನ್ನ ರಕ್ತ."

ಅವಳು ಬಗ್ಗಿ ಒಂದು ಹೂವನ್ನು ಮುಟ್ಟಿದಳು. ಆಮೇಲೆ ಟವೆಲ್ ಸರಿಮಾಡಿಕೊಂಡಳು.

"ಹೋಗೋಣ. ಆದ್ರೆ ಪಕ್ಕದಲ್ಲಿ ನೀವು ಕೂತ್ಕೋಬೇಕು. ಎಲ್ಲಾ ತಡವೆನೂ." ಪ್ರತಿ ಸಲವೂ ಅಂತ.

ಮರುವಾರ ಊರಿಗೆ ಹೊರಡಲು ಬ್ಯಾಗು ಕಟ್ಟಿಟ್ಟಿದ್ದೆ. ಬಿಚ್ಚಿದೆ. ಆಸ್ಪತ್ರೆಯಲ್ಲಿ ಅವಳ ಕೈ ಹಿಡಿದು ಕೂತು, ತೂಗುಹಾಕಿದ ಔಷಧಿಯನ್ನೇ ನೋಡಿದೆ. ಅದರ ಮೇಲೆ ಹೆಸರು ಅಚ್ಚಾಗಿತ್ತು. ಹೆಸರು ಹೇಳಿದ್ದಕ್ಕೆ ಗುಣವೇನೂ ಹೋದಂತಿಲ್ಲ. ಈಗ ಗಂಟು ಹುಡುಕಿದರೆ ಮಾತ್ರ ಕೈಗೆ ಸಿಗುತ್ತದೆ. ಡಾಕ್ಟರು ಇನ್ನೂ ಏನೂ ಹೇಳುವುದಿಲ್ಲ.

ಮೊನ್ನೆ ಬಸ್ಸಿನಲ್ಲಿ, "ನಿನ್ನ ಊಸಿ ಮುಗಿದ ಮರುದಿನವೇ ನಾನು ಊರಿಗೆ," ಎಂದೆ. ಕೆರೆ ಏರಿಯ ಒದ್ದೆ ಮಣ್ಣು ಕಾಲಿಗೆ ತಾಗಿದಂತೆ ಕನಸು ಬೀಳುತ್ತದೆ. ಎದ್ದರೆ ಸೈರನ್. ಊರಲ್ಲಿದ್ದರೂ ಇನ್ನು ಹದಿನೈದು ದಿನಕ್ಕೊಮ್ಮೆ, ಆಸ್ಪತ್ರೆಯ ಬಸ್ಸಿನ ಹೊತ್ತಿಗೆ, ನನಗೆ ಎಚ್ಚರವಾಗದೆ ಇರುವುದಿಲ್ಲ, ಅದೂ ಗೊತ್ತು.

"ಹೋಗಿ ನೋಡಿ," ಎಂದಳು ರುಕ್ಮಿಣಿ. "ನಿಮ್ಮೂರಿಗೆ ಫೋನ್ ಮಾಡಿ ಸೊಪ್ಪಿನ ಹೆಸರು ಹೇಳ್ಬಿಡ್ತೀನಿ!"

ಬೆದರಿಸುತ್ತಾಳೆ! ಅದಕ್ಕೇ, ಮೇಘಾ ಕಲಿಸಿಕೊಟ್ಟ ಹಾಗೆ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ನಾನೇ ಇದನ್ನು ನಿಮಗೆ ಬರೆದುಬಿಟ್ಟೆ. ನನ್ನ ಜಗಲಿಗೆ ಬಂದಿದ್ದವರೇ, ಅದು ನೆಲನೆಲ್ಲಿ. ಬರೆದದ್ದನ್ನು ಅವಳಿಗೂ ಗಟ್ಟಿಯಾಗಿ ಓದಿ, "ಈಗೇನು ಮಾಡ್ತೀಯೇ?" ಎಂದು ಕೇಳಿದೆ.

"ಗುಟ್ಟು ಹೋಯ್ತಲ್ಲಕ್ಕಾ," ಎಂದಳು, "ಇನ್ನು ಅಲ್ಲಿ ನಿಮ್ಮನ್ನ ಕೇಳೋರು ಯಾರು? ಇಲ್ಲೇ ಇರುಂಗೋ."