ಆರ್ಡಿಸ್ ಎರಕ ಹೊಯ್ದ ಗುಂಡುಗಳು

ವರ್ಲಿನ್ ಹಾಗ್‌ಸ್ಟಡ್ ಇನ್ನೂ ಬದುಕಿದ್ದಾನೆ. ಇದನ್ನು ಪತ್ರಿಕೆಯಲ್ಲಿ ಬರೆದು ಹೇಳಬೇಕಾಗಿ ಬಂತಲ್ಲ ಅಂತ ನನಗೆ ಸಿಟ್ಟು. ಚರ್ಚಿನ ಕಾಫಿ ಮೇಜಿನಲ್ಲಿ ಅವನು ಎದುರಿಗೇ ಕೂತಿರುತ್ತಾನೆ. ಜನ ಮಾತ್ರ ಅವನ ತಲೆಯ ಮೇಲಿಂದ ಹೆಂಡತಿ ಆರ್ಡಿಸಳನ್ನು ಕೇಳುತ್ತಾರೆ: "ಹೇಗಿದ್ದಾನಮ್ಮ ಈಗ?" ಕೈ ನಡುಗುವ ಕಾಯಿಲೆ ಬಂದರೆ ಕಿವಿಯೂ ಬುದ್ಧಿಯೂ ಹೋಗುತ್ತವೆ ಅಂತ ಈ ಕಣಿವೆಗೆ ಯಾವ ಪುಣ್ಯಾತ್ಮ ಹೇಳಿಕೊಟ್ಟನೋ. ಆರ್ಡಿಸ್ ಬಿಡುವವಳಲ್ಲ. "ಅವನನ್ನೇ ಕೇಳಿ. ಬಾಯಿ ಚೆನ್ನಾಗೇ ಇದೆ, ಬೇಕಾದ್ದಕ್ಕಿಂತ ಜಾಸ್ತಿನೇ ಇದೆ" ಅನ್ನುತ್ತಾಳೆ.

ಮೊಂಟಾನಾದ ನಮ್ಮ ಈ ಮೂಲೆಯಲ್ಲಿ ಚಳಿಗಾಲದ ಮಾಂಸ ಅಂದರೆ ಎಲ್ಕ್, ಕುದುರೆಯಷ್ಟು ದೊಡ್ಡ ಕಾಡುಜಿಂಕೆ. ಹಾಗ್‌ಸ್ಟಡರ ಮನೆಯಲ್ಲಿ ಅದನ್ನು ಹೊಡೆಯುವವಳು ಆರ್ಡಿಸ್, ಮದುವೆಯಾದಾಗಿನಿಂದಲೂ. ಕೋವಿ ಅವಳಪ್ಪನದು. ಅದಕ್ಕೆ ಹೊಂದುವ ಗುಂಡುಗಳನ್ನು ನಮ್ಮೂರ ಅಂಗಡಿ ತರಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಮರದ ಮಿಲ್ಲಿನಲ್ಲಿ ಗರಗಸದ ಹಲ್ಲು ಮಸೆಯುತ್ತಿದ್ದ ವರ್ಲಿನ್, ಪ್ರತಿ ವರ್ಷ ಬೇಟೆಗೆ ಮುಂಚೆ ಹಿತ್ತಲ ಶೆಡ್ಡಿನಲ್ಲಿ ಸೀಸ ಕರಗಿಸಿ ಗುಂಡು ಎರಕ ಹೊಯ್ದು ಕೊಡುತ್ತಿದ್ದ. ಗುರಿ ಅವಳದು, ಗುಂಡು ಅವನದು. ಬಿದ್ದ ಎಲ್ಕ್ ಇಬ್ಬರದೂ.

ಈ ಸಲ ಕಾದ ಸೀಸ ಸೌಟಿನಿಂದ ಅವನ ಬೂಟಿನ ಮೇಲೆ ಚೆಲ್ಲಿತು. ಆರ್ಡಿಸ್ ಸೌಟು ಕಿತ್ತುಕೊಂಡಳು. ಸುದ್ದಿ ಕೇಳಿ ಅವಳ ಅಣ್ಣನ ಮಗ ತನ್ನ ಹೊಸ ಕೋವಿ ಕೊಡುತ್ತೇನೆಂದ. ಗುಂಡು ಅಂಗಡಿಯಲ್ಲೇ ಸಿಗುತ್ತದೆ ಎಂದೂ ಸೇರಿಸಿದ. "ತಗೋ ಬಿಡು" ಅಂದ ವರ್ಲಿನ್, ಗೋಡೆ ನೋಡುತ್ತಾ. ಗುಂಡೂ ಅಂಗಡಿಯದಾದರೆ ಮನೆಯ ಮಾಂಸದಲ್ಲಿ ಅವನದೇನು ಉಳಿಯಿತು? ಬರೀ ತಿನ್ನುವ ಬಾಯಿ. ಆರ್ಡಿಸಳಿಗೆ ಅದು ಹೊಳೆಯದೆ ಇರುತ್ತದೆಯೇ. ಅಣ್ಣನ ಮಗನನ್ನು ಹಾಗೇ ಕಳಿಸಿ, ತಾನೇ ಹೊಯ್ಯಲು ನಿಂತಳು.

ನಾನು ಹೋದಾಗ ಶೆಡ್ಡಿನ ಎರಡೂ ಬಾಗಿಲು ತೆರೆದಿದ್ದವು, ಚಳಿಗಾಳಿ ನುಗ್ಗುತ್ತಿತ್ತು. ಹಾಗೇ ಇರಬೇಕು, ಸೀಸದ ಹೊಗೆ ವಿಷ. ಮಕ್ಕಳು ಉಣ್ಣುವ ಅಡುಗೆಮನೆಯಲ್ಲೇ ಸೀಸ ಕಾಯಿಸುವ ಪಂಡಿತರು ನಮ್ಮಲ್ಲಿದ್ದಾರೆ. ಅವರ ಹೆಸರು ಬರೆಯಲು ನಮ್ಮ ಸಂಪಾದಕರು ಬಿಡುವುದಿಲ್ಲ. ವರ್ಲಿನ್ ಕುರ್ಚಿಯಲ್ಲಿ ಕೂತಿದ್ದ. ಟವೆಲ್ಲಿನ ಮೇಲೆ ಬಿದ್ದ ಗುಂಡುಗಳೆಲ್ಲ ನೀರಲ್ಲಿ ನೆನೆದ ಬೆರಳಿನಂತೆ ಸುಕ್ಕುಗಟ್ಟಿದ್ದವು.

"ಅಚ್ಚು ತಣ್ಣಗಿದೆ ಕಣೇ. ಉರಿ ಏರಿಸು."

"ಏರಿಸಿದ್ದೀನಿ. ಇನ್ನೂ ಏರಿಸಿದ್ರೆ ಶೆಡ್ಡೇ ಕರಗುತ್ತೆ."

"ಹಾಗಾದ್ರೆ ಅಚ್ಚಿನೊಳಗೆ ಎಣ್ಣೆ ಉಳ್ಕೊಂಡಿದೆ. ತುಕ್ಕು ಹಿಡೀದಿರ್ಲಿ ಅಂತ ಸವರಿಟ್ಟಿದ್ದೆ."

ಅವಳು ಅಚ್ಚಿನ ಎರಡು ಕಬ್ಬಿಣದ ಹೋಳುಗಳನ್ನು ಸೋಪು ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಒಂದು ಹನಿ ನೀರು ಉಳಿದಿದ್ದರೂ ಸೀಸ ಮುಖಕ್ಕೆ ಸಿಡಿಯುತ್ತದೆ, ಅದಕ್ಕೇ ಒಲೆಯ ಹತ್ತಿರವಿಟ್ಟು ಪೂರ್ತಿ ಒಣಗಿಸಿದಳು. ಮತ್ತೆ ಹೊಯ್ದಳು. ಮತ್ತೆ ಸುಕ್ಕು.

"ನಿನ್ನ ಅಚ್ಚಿಗೂ ನಿನ್ನಷ್ಟೇ ವಯಸ್ಸಾಗಿದೆ, ಮುದುಕಾ!"

"ಅಚ್ಚಿಗೆ ಬೈಬೇಡ. ಇನ್ನೊಂದು ಹೊಯ್ಯಿ, ನೋಡ್ತೀನಿ."

ಈ ಸಲ ಅವನು ಸೀಸವನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಅವಳು ಹೊಯ್ದಳು, ಅಚ್ಚು ಬಿಡಿಸಿ ಗುಂಡನ್ನು ಟವೆಲ್ಲಿಗೆ ಬೀಳಿಸಿದಳು. ಆಮೇಲೆ ಅಚ್ಚನ್ನು ಬದಿಗಿಟ್ಟು, ಗುಂಡನ್ನು ಇಕ್ಕಳದಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ತಿರುಗಿಸಿ ತಿರುಗಿಸಿ ನೋಡಿದಳು. ಬಾಗಿಲ ಗಾಳಿ ಅಷ್ಟು ಹೊತ್ತೂ ಬರಿದಾದ ಅಚ್ಚಿನ ಮೇಲೆ ಬೀಸುತ್ತಿತ್ತು.

"ಆರ್ಡಿಸ್, ಲೆಫ್ಸಾ ಬೇಯಿಸುವಾಗ ಒಂದೊಂದು ರೊಟ್ಟಿನೂ ಹೀಗೇ ಕಿಟಕಿಗೆ ಹಿಡಿದು ನೋಡ್ತೀಯಾ?"

"ಹುಚ್ಚಾ ನಿಂಗೆ? ಒಂದು ಹೆಂಚಿನ ಮೇಲಿರುವಾಗ ಇನ್ನೊಂದು ಲಟ್ಟಿಸ್ತಿರ್ತೀನಿ. ನಿಲ್ಲೋಕೆ ಪುರುಸೊತ್ತೆಲ್ಲಿ?"

"ಇದೂ ಹಾಗೇ. ಹಿಂದಿನ ಗುಂಡಿನ ಕಾವೇ ಮುಂದಿನದಕ್ಕೆ ಅಚ್ಚು ಕಾಯಿಸೋದು. ನೀನು ಮೆಚ್ಕೊಳ್ತಾ ನಿಂತ್ರೆ ಅದು ಆರಿಹೋಗುತ್ತೆ."

"ಮೆಚ್ಕೊಳ್ತಿಲ್ಲ!" ಅವಳು ಇಕ್ಕಳ ಕುಕ್ಕಿದಳು. "ಒಂದು ಕೆಟ್ಟ ಗುಂಡು ಸೇರ್ಕೊಂಡ್ರೆ ಗುರಿ ತಪ್ಪುತ್ತೆ. ಹೊಟ್ಟೆಗೆ ಏಟು ತಿಂದ ಎಲ್ಕ್ ನರಳ್ತಾ ಕಾಡು ಸೇರುತ್ತೆ. ಅದಕ್ಕೇ ನೋಡ್ತಿದ್ದೀನಿ."

ಕೊಂಬಿನ ಫೋಟೋಗೆಂದು ದೂರದಿಂದ ಬಂದು, ಗಾಯಗೊಂಡ ಪ್ರಾಣಿಯನ್ನು ಹುಡುಕದೆ ಊಟದ ಹೊತ್ತಾಯಿತೆಂದು ಹೋಟೆಲಿಗೆ ಹಿಂತಿರುಗುವ ಮಹನೀಯರು ಈ ಮಾತನ್ನು ಕೇಳಿಸಿಕೊಳ್ಳಬೇಕಿತ್ತು.

ವರ್ಲಿನ್ ಕುರ್ಚಿಯನ್ನು ಟವೆಲ್ಲಿನ ಹತ್ತಿರ ಎಳೆದುಕೊಂಡ. "ನೋಡೋ ಕೆಲಸ ನನಗೆ ಬಿಡು. ನೀನು ಕಣ್ಣೆತ್ತದೆ ಹೊಯ್ಯಿ. ಮೊದಲ ನಾಕಾರು ಕೆಟ್ಟೇ ಬರ್ತವೆ, ವಾಪಸ್ ಪಾತ್ರೆಗೆ ಹಾಕ್ತೀವಿ."

ಆರ್ಡಿಸ್ ಹೊಯ್ದಳು, ಬೀಳಿಸಿದಳು, ಹೊಯ್ದಳು. ಸುಕ್ಕು ಮಾಯವಾಗಿ ಅಂಚುಗಳು ಚೂಪಾದವು, ಗುಂಡುಗಳು ಹೊಳೆದವು. ಹುರುಪಿಗೆ ಬಿದ್ದವಳು ಕೈ ಇನ್ನೂ ಬಿರುಸು ಮಾಡಿದಳು.

"ನಿಧಾನ, ನಿಧಾನ! ಈಗ ಇಬ್ಬನಿ ಕೂತ ಹಾಗೆ ಬಿಳಚ್ಕೊಳ್ತಿವೆ. ಅಚ್ಚು ಜಾಸ್ತಿ ಕಾದಿದೆ. ಮೇಲಿನ ಸೀಸ ಗಟ್ಟಿಯಾದ ಮೇಲೂ ಒಂದು ಉಸಿರು ಎಳ್ಕೊಂಡು ಆಮೇಲೆ ಬಿಡಿಸು."

"ಆಗ್ಲೇ ನಿಲ್ಬೇಡ ಅಂದೆ, ಈಗ ನಿಲ್ಲು ಅಂತೀಯ. ಏನು ಗಂಡಸೋ!"

ಅವನು ನಕ್ಕ. ಬೆರಳುಗಳು ನಡುಗುತ್ತಲೇ ಇದ್ದವು. ಆರಿದ ಗುಂಡುಗಳನ್ನು ಕೈಗವಸು ತೊಟ್ಟು ಉರುಳಿಸಿ ಉರುಳಿಸಿ ಆರಿಸಿದ. ಬುಡದಂಚು ಕೂದಲೆಳೆಯಷ್ಟು ಮುಕ್ಕಾಗಿದ್ದರೂ ಪಕ್ಕಕ್ಕೆ ತಳ್ಳಿದ. ಅವಳಿಗೆ ಬಹಳ ಚಂದ ಕಂಡ ಒಂದನ್ನೂ ತಳ್ಳಿದ. ಅದಕ್ಕೆ ಜಗಳವಾಯಿತು, ಅವನೇ ಗೆದ್ದ.

ಬೇಟೆಯ ಮೊದಲ ದಿನವೇ ಮೇಲಿನ ದಿಣ್ಣೆಯಲ್ಲಿ ಒಂದು ಹೆಣ್ಣು ಎಲ್ಕ್ ಒಂದೇ ಗುಂಡಿಗೆ, ಹೆಜ್ಜೆ ಕೀಳದೆ, ಬಿತ್ತು. ಹೊತ್ತು ತರಲು ನಾನೂ ಕೈಕೊಟ್ಟೆ. ಆ ಸಂಜೆ ಆರ್ಡಿಸ್ ಬೆನ್ನಿನ ಎಳೆ ಮಾಂಸವನ್ನು ಬೆಣ್ಣೆಯಲ್ಲಿ ಹುರಿದು ಮೊದಲು ವರ್ಲಿನ್ ಮುಂದಿಟ್ಟಳು. ಅವನು ಒಂದು ತುಂಡು ಅಗಿದು ತಟ್ಟೆ ದೂಡಿದ.

"ಉಪ್ಪಿಲ್ಲ. ಜಾಸ್ತಿ ಹುರಿದಿದ್ದೀಯ ಬೇರೆ."

ಕೈ ಕೆಟ್ಟಾಗಿನಿಂದ ಇಟ್ಟದ್ದನ್ನು ಪಿಟ್ಟೆನ್ನದೆ ತಿಂದು ಏಳುತ್ತಿದ್ದನಂತೆ. ಆರ್ಡಿಸ್ ನನ್ನ ಕಡೆ ತಿರುಗಿ ಮುಖ ಅರಳಿಸಿದಳು, "ಕೇಳಿದ್ಯಾ ಇವನ ಧಿಮಾಕು?" ಎನ್ನುತ್ತಾ ಉಪ್ಪಿನ ಡಬ್ಬಿ ತರಲು ಎದ್ದಳು.