ಹಾಸಿಗೆಯ ಮೇಲೆ ಕಲಿತ ಕುಣಿತ

ಶೆರ್ಪಾಗಳ ಸ್ಯಾಬ್ರು ಕುಣಿತಕ್ಕೆ ಡೋಲು ಬೇಡ, ಕಾಲೇ ಡೋಲು. ಬೆನ್ನ ಹಿಂದೆ ಕೈ ಹೆಣೆದು ಸಾಲಾಗಿ ನಿಂತವರು ಹಲಗೆಯ ನೆಲ ತುಳಿದರೆ ಮನೆಯೇ ಗುಡುಗಬೇಕು. ದೋಹಾದ ಹೋಟೆಲೊಂದರಲ್ಲಿ ಅಡುಗೆ ಮಾಡುವ ಯಾಂಜಿ, ಅಲ್ಲೇ ಹುಟ್ಟಿದ ಆರು ಶೆರ್ಪಾ ಮಕ್ಕಳಿಗೆ ಬಿನ್ ಮಹಮೂದ್ ಬಡಾವಣೆಯ ತನ್ನ ಫ್ಲಾಟಿನಲ್ಲಿ ವರ್ಷವಿಡೀ ಅದನ್ನು ಕಲಿಸಿದ್ದಳು. ಆದರೆ ಕೆಳಗಿನ ಮನೆಯ ಪರ್ಪೆಚುವಾ, ಉಡುಪಿ ಕಡೆಯ ನರ್ಸ್, ರಾತ್ರಿಪಾಳಿ ಮುಗಿಸಿ ಹಗಲು ಮಲಗುವವಳು. ಒಮ್ಮೆ ಕೆಂಗಣ್ಣಿನಲ್ಲೇ ಮೇಲೆ ಬಂದು ಕೈಮುಗಿದು ಹೋಗಿದ್ದಳು. ಅಂದಿನಿಂದ ನೆಲಕ್ಕೆ ಹಾಸಿಗೆ ಬಿತ್ತು. “ಮೆಲ್ಲಗೆ, ಆಂಟಿ ಮಲಗಿದ್ದಾರೆ” ಎಂಬುದೇ ಯಾಂಜಿಯ ಪಾಠವಾಯಿತು.

ಹೊಸ ವರ್ಷದ ಲ್ಹೋಸಾರ್ ಹಬ್ಬಕ್ಕೆ ಅಬು ಹಮೂರ್ ಬಡಾವಣೆಯ ಸಭಾಂಗಣ ಕಿಕ್ಕಿರಿದಿತ್ತು. ಹಾಡು ಚೆನ್ನಾಗಿಯೇ ಸಾಗಿತು. ಹಾಡು ನಿಂತು ಕಾಲು ಮಾತ್ರ ಮಾತಾಡಬೇಕಾದ ಘಟ್ಟ ಬಂತು. ಹನ್ನೆರಡು ಪಾದಗಳು ವೇದಿಕೆಯ ಹಲಗೆಗೆ ಬಿದ್ದವು. ಒಂದು ಹೆಜ್ಜೆಯೂ ತಪ್ಪಲಿಲ್ಲ, ಆದರೆ ಸದ್ದೇ ಇಲ್ಲ. ಥೇಟ್ ಬೆಕ್ಕಿನ ನಡಿಗೆ! ಮುಂದಿನ ಸಾಲಿನ ಹಿರಿಯರು ಮುಖ ಮುಖ ನೋಡಿಕೊಂಡರು. ಮಕ್ಕಳನ್ನು ಬಯ್ದು ಏನು ಫಲ? ಯಾಂಜಿ ಕಲಿಸಿದ್ದನ್ನೇ ಅವರು ಕುಣಿಯುತ್ತಿದ್ದರು. ಪರದೆಯ ಮರೆಯಿಂದ ಜೋರಾಗಿ ಕೈಬೀಸಿದಳು. ಗುರು ಸಿಟ್ಟಾದಳೆಂದು ಹೆದರಿದ ಮಕ್ಕಳು ಇನ್ನೂ ಮೆಲ್ಲಗೆ ಕಾಲಿಟ್ಟರು.

ಆಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ದಡಕ್ಕನೆ ಎದ್ದು ನಿಂತಳು. ಯಾಂಜಿ ಮೊಮೊ ಕೊಟ್ಟು ಹಬ್ಬಕ್ಕೆ ಕರೆದಿದ್ದ ಪರ್ಪೆಚುವಾ.

“ತುಳೀರಿ ಮಕ್ಳೇ!” ಎಂದು ಹಿಂದಿಯಲ್ಲಿ ಕೂಗಿದಳು. “ಇವತ್ತು ನಾನು ಮಲಗಿಲ್ಲ!”